ಪವರ್ ಬ್ಯಾಂಕ್‌ನಲ್ಲಿ ಐಪ್ಯಾಡ್ ಸ್ಟುಡಿಯೋ: ಹಾಡಿನ ನಡುವೆ ಇಂಟರ್‌ಫೇಸ್ ಕಾಣೆಯಾಗುತ್ತಿದೆ, ಯಾರಾದರೂ ನೋಡಿ

ಏಕತಾರಿ_ಹಾವೇರಿ

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಊರೂರಿಗೆ ಹೋಗಿ ಚೌಡಿಕೆ ಪದ, ತತ್ವಪದ ರೆಕಾರ್ಡ್ ಮಾಡುತ್ತೇನೆ. ಹೋದ ಕಡೆ ಕರೆಂಟ್ ಇದ್ದೇ ಇರುತ್ತದೆ ಅಂತ ಹೇಳೋಕಾಗಲ್ಲ. ಇದ್ದರೂ ಗುಡಿ ಕಟ್ಟೆ ಮೇಲೆ ಪ್ಲಗ್ ಪಾಯಿಂಟ್ ಎಲ್ಲಿಂದ ಬರಬೇಕು? ಅದಕ್ಕೆ ಪೂರ್ತಿ ಬ್ಯಾಟರಿಯಲ್ಲೇ ನಡೆಯುವ ಸೆಟಪ್ ಮಾಡಿಕೊಂಡೆ. ಐಪ್ಯಾಡ್, ಅದರಲ್ಲಿ ಗ್ಯಾರೇಜ್‌ಬ್ಯಾಂಡ್ ಅನ್ನುವ ರೆಕಾರ್ಡಿಂಗ್ ಆ್ಯಪ್, ಮೈಕಿನ ದನಿಯನ್ನು ಐಪ್ಯಾಡ್‌ಗೆ ಕೊಡುವ ಎರಡು ಚಾನೆಲ್ ಇಂಟರ್‌ಫೇಸ್, ಒಂದು ಪೋರ್ಟನ್ನು ಹಲವು ಮಾಡುವ ಹಬ್, ಪವರ್ ಬ್ಯಾಂಕ್, ಎರಡು ಮೈಕ್. ಎಲ್ಲಾ ಒಂದೇ ಬ್ಯಾಗಿನಲ್ಲಿ ಹಿಡಿಯುತ್ತದೆ.

ಹಾಡು ಚೆನ್ನಾಗಿ ನಡೆಯುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ರೆಕಾರ್ಡಿಂಗ್ ನಿಂತುಬಿಡುತ್ತದೆ. ಒಂದೆರಡು ಸೆಕೆಂಡ್ ಇಂಟರ್‌ಫೇಸ್ ಇಲ್ಲವೇ ಇಲ್ಲ, ಆಮೇಲೆ ಏನೂ ಆಗದ ಹಾಗೆ ವಾಪಸ್ ಬರುತ್ತದೆ. ಮನೆಯಲ್ಲಿ ಎಷ್ಟು ಹೊತ್ತು ಓಡಿಸಿದರೂ ಹೀಗಾಗಲ್ಲ. ಹೊರಗೆ ಹೋದಾಗ ಮಾತ್ರ. ಹಾಡುವವರಿಗೆ ಎಂಬತ್ತರ ಹತ್ತಿರ ವಯಸ್ಸು. ಕಣ್ಣು ಮುಚ್ಚಿ ಹಾಡುತ್ತಿರುವ ಅಜ್ಜಿಗೆ ಅರ್ಧಕ್ಕೆ ನಿಲ್ಲಿಸಿ 'ಇನ್ನೊಂದು ಸಲ ಹಾಡಿ' ಅನ್ನೋಕೆ ಬಾಯೇ ಬರಲ್ಲ. ಏನು ಮಾಡಲಿ?

ಕಿಲೋಹರ್ಟ್ಸ್

ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಅನ್ನುವುದನ್ನು ನೋಡಿ. ಗ್ಯಾರೇಜ್‌ಬ್ಯಾಂಡ್ ನಡೆಯುವುದು 44.1 ಕಿಲೋಹರ್ಟ್ಸ್‌ನಲ್ಲಿ. ಇಂಟರ್‌ಫೇಸ್ 48ರಲ್ಲಿ ಕೂತಿದ್ದರೆ ಜಗಳ ಶುರು. ಬೇರೆ ಯಾವುದಾದರೂ ಆ್ಯಪ್ ಹಿಂದೆ ತೆರೆದಿದ್ದರೆ ಅದೇ ರೇಟ್ ಬದಲಾಯಿಸಿರುತ್ತದೆ. ಎಲ್ಲಾ ಮುಚ್ಚಿ, ಐಪ್ಯಾಡ್ ರೀಸ್ಟಾರ್ಟ್ ಮಾಡಿ, ಆಮೇಲೆ ಹೇಳಿ.

ಸಾಗರದ_ಹುಡುಗಿ

ಸಾಂಗ್ ಸೆಕ್ಷನ್ ಉದ್ದ 'ಆಟೋಮ್ಯಾಟಿಕ್' ಮಾಡಿದ್ದೀರಾ? ಹೊಸ ಸಾಂಗ್ ತೆಗೆದಾಗ ಅದು 8 ಬಾರ್ (ತಾಳದ ಆವರ್ತ) ಮಾತ್ರ ಇರುತ್ತದೆ. ಮೊದಲು ನನಗೂ ಅಲ್ಲೇ ತೊಂದರೆ ಆಗುತ್ತಿತ್ತು.

ಏಕತಾರಿ_ಹಾವೇರಿ

ಆಟೋಮ್ಯಾಟಿಕ್ ಇದೆ. 8 ಬಾರ್‌ಗೆ ನಿಲ್ಲುವುದಾದರೆ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಬೇಕಲ್ವಾ? ಇದು ಯಾವಾಗ ಬೇಕಾದರೂ ಆಗುತ್ತದೆ. ರೀಸ್ಟಾರ್ಟ್ ಮಾಡಿಯೇ ಹೋಗುತ್ತೇನೆ.

ವೋಲ್ಟ್‌ಮೀಟರ್

ಐಪ್ಯಾಡ್ ಅಂದರೆ ಯಾವುದು? ಲೈಟ್ನಿಂಗ್ ಪೋರ್ಟಾ, ಯುಎಸ್‌ಬಿ-ಸಿನಾ? ಹಬ್‌ಗೆ ಚಾರ್ಜಿಂಗ್ ಪಾಸ್-ಥ್ರೂ (ತನ್ನ ಮೂಲಕವೇ ಐಪ್ಯಾಡ್ ಚಾರ್ಜ್ ಮಾಡುವ ದಾರಿ) ಇದೆಯಾ? ಪವರ್ ಬ್ಯಾಂಕ್ ಹಬ್‌ಗೆ ಹೋಗುತ್ತದೋ, ಇಂಟರ್‌ಫೇಸ್‌ಗೋ? ಇದಿಷ್ಟು ಗೊತ್ತಾಗದೆ ಹೇಳುವುದೆಲ್ಲಾ ಸುಮ್ನೆ ಊಹೆ.

ಮೈಸೂರು_ಮೈಕ್

ಎರಡು ಮೈಕ್ ಅಂದರಲ್ಲ, ಕಂಡೆನ್ಸರ್ ತಾನೇ? ಹಾಗಾದರೆ ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್‌ನಲ್ಲೇ ಹೋಗುವ ವಿದ್ಯುತ್ ಬೇಕು. 48 ವೋಲ್ಟ್ ಎಲ್ಲಿಂದ ಬರುತ್ತದೆ? ಯುಎಸ್‌ಬಿಯ 5 ವೋಲ್ಟನ್ನೇ ಏರಿಸಿ ಕೊಡುತ್ತದೆ. ಕರೆಂಟ್ ಸಾಲದೆ ಇಂಟರ್‌ಫೇಸ್ ಬೀಳುತ್ತಿದೆ. ಅನುಮಾನವೇ ಇಲ್ಲ.

ಏಕತಾರಿ_ಹಾವೇರಿ

ಹತ್ತನೇ ತಲೆಮಾರಿನ ಐಪ್ಯಾಡ್, ಯುಎಸ್‌ಬಿ-ಸಿ. ಇರುವುದು ಒಂದೇ ಪೋರ್ಟ್, ಅದಕ್ಕೆ ಹಬ್. ಹಬ್‌ಗೆ ಒಂದು ಕಡೆ ಇಂಟರ್‌ಫೇಸ್, ಇನ್ನೊಂದು ಕಡೆ ಪವರ್ ಬ್ಯಾಂಕ್. 20,000 ಎಂಎಎಚ್. ಧ್ವನಿಗೆ ಕಂಡೆನ್ಸರ್, ಚೌಡಿಕೆಗೆ ವಿದ್ಯುತ್ ಬೇಡದ ಡೈನಮಿಕ್ ಮೈಕ್. ಕರೆಂಟ್ ಸಾಲದು ಅನ್ನುವ ಮೆಸೇಜ್ ಯಾವತ್ತೂ ಬಂದಿಲ್ಲ.

ಮೈಸೂರು_ಮೈಕ್

ನೋಡಿ, ಅದೇ. ಫ್ಯಾಂಟಮ್ ಸ್ವಿಚ್ ಎರಡೂ ಚಾನೆಲ್‌ಗೆ ಒಂದೇ ಇರುತ್ತದೆ. ಡೈನಮಿಕ್‌ಗೂ 48 ವೋಲ್ಟ್ ಹೋಗುತ್ತಿದೆ.

ವೋಲ್ಟ್‌ಮೀಟರ್

ಹೋದರೇನಾಯಿತು? ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ ಸರಿಯಿದ್ದರೆ ಡೈನಮಿಕ್ ಮೈಕಿನ ಎರಡೂ ತುದಿಗೆ ಸಮ ವೋಲ್ಟೇಜ್ ಬರುತ್ತದೆ, ಕಾಯಿಲ್‌ನಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಇನ್ನು ಫ್ಯಾಂಟಮ್ ಲೆಕ್ಕ: ಒಂದು ಮೈಕ್‌ಗೆ ಹೆಚ್ಚೆಂದರೆ 10 ಮಿಲಿ ಆಂಪ್. 48ರಿಂದ ಗುಣಿಸಿ, ಅರ್ಧ ವ್ಯಾಟ್ ಕೂಡ ಆಗಲ್ಲ. ಅಷ್ಟಕ್ಕೆ ಬೀಳುವುದಾದರೆ ಮನೆಯಲ್ಲೂ ಬೀಳಬೇಕಿತ್ತು. ಮನೆಯಲ್ಲಿ ಬರಲ್ಲ, ಹೊರಗೆ ಮಾತ್ರ ಬರುತ್ತದೆ ಅಂದಿದ್ದಾರೆ. ಈ ಮಾತನ್ನು ಯಾರೂ ಹಿಡಿದುಕೊಳ್ಳುತ್ತಿಲ್ಲ.

ಮೈಸೂರು_ಮೈಕ್

ಡೈನಮಿಕ್‌ಗೆ ಫ್ಯಾಂಟಮ್ ಕೊಡಬಾರದು ಅಂತ ನಾನು ಕಲಿತದ್ದು. ಹಳೆಯ ರಿಬ್ಬನ್ ಮೈಕ್ ಒಂದು ನನ್ನ ಕಣ್ಣೆದುರೇ ಹೋಗಿದೆ.

ವೋಲ್ಟ್‌ಮೀಟರ್

ರಿಬ್ಬನ್ ಬೇರೆ, ಡೈನಮಿಕ್ ಬೇರೆ. ರಿಬ್ಬನ್‌ಗೆ ನೀವು ಹೇಳುವ ಎಚ್ಚರಿಕೆ ಬೇಕೇ ಬೇಕು. ಇಲ್ಲಿ ರಿಬ್ಬನ್ ಇಲ್ಲ.

ಕಿಲೋಹರ್ಟ್ಸ್

ಹೊರಗೆ ಮಾತ್ರ ಅಂದರೆ ಬಿಸಿಲು. ಐಪ್ಯಾಡ್ 35 ಡಿಗ್ರಿ ಮೇಲೆ ಬಳಸಬಾರದು ಅಂತ ಆ್ಯಪಲ್ಲೇ ಹೇಳುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ನೆರಳಲ್ಲೇ 40 ಇರುತ್ತದೆ. ಆದರೂ ಸ್ಯಾಂಪಲ್ ರೇಟ್ ಒಮ್ಮೆ ನೋಡಿ, ಬಿಡಬೇಡಿ.

ಏಕತಾರಿ_ಹಾವೇರಿ

ಹಾಡಿಕೆ ನಡೆಯುವುದೇ ರಾತ್ರಿ. ತಣ್ಣಗಿರುತ್ತದೆ.

ಕರಾವಳಿ_ಮದ್ದಳೆ

ಇಷ್ಟೆಲ್ಲಾ ಯಾಕೆ? ಎರಡು ಎಎಎ ಸೆಲ್‌ನಲ್ಲಿ ನಡೆಯುವ ಝೂಮ್ ಎಚ್1ಎನ್ ತರಹದ ಕೈ ರೆಕಾರ್ಡರ್ ಇಟ್ಟುಕೊಳ್ಳಿ. ಹಬ್ ಇಲ್ಲ, ಕೇಬಲ್ ಇಲ್ಲ. ನಮ್ಮ ಕಡೆ ತಾಳಮದ್ದಳೆಗೆ ನಾನು ಹಾಗೇ ಮಾಡುವುದು. ಬೆಳಗಿನವರೆಗೂ ಕೈ ಕೊಟ್ಟಿದ್ದಿಲ್ಲ. ಹಳೆಯ ಯುಪಿಎಸ್‌ನ 12 ವೋಲ್ಟ್ 7 ಆಂಪ್-ಅವರ್ ಬ್ಯಾಟರಿಯನ್ನು ಮರದ ಪೆಟ್ಟಿಗೆಗೆ ಹಾಕಿ, ಕಾರಿನಲ್ಲಿ ಬಳಸುವ ಯುಎಸ್‌ಬಿ ಅಡಾಪ್ಟರ್ ಕೂರಿಸಿ ಸಣ್ಣ ಮಿಕ್ಸರ್ ಕೂಡ ಓಡಿಸುತ್ತೇನೆ. ಪೆಟ್ಟಿಗೆಗೆ ಹಿಡಿಕೆ, ಮುಚ್ಚಳದಲ್ಲಿ ವೋಲ್ಟ್ ತೋರಿಸುವ ಡಿಸ್‌ಪ್ಲೇ, ಬದಿಗೆ ಫ್ಯೂಸ್. ಫೋಟೋ ಹಾಕಲಾ?

ಏಕತಾರಿ_ಹಾವೇರಿ

ಕೈ ರೆಕಾರ್ಡರ್ ನನ್ನ ಹತ್ತಿರವೂ ಇದೆ. ಆದರೆ ನನಗೆ ಧ್ವನಿ ಬೇರೆ, ಚೌಡಿಕೆ ಬೇರೆ ಟ್ರ್ಯಾಕ್‌ನಲ್ಲಿ ಬೇಕು. ಚೌಡಿಕೆಯ ದನಿ ಎಷ್ಟು ಜೋರು ಅಂತ ಕೇಳಿದವರಿಗೆ ಗೊತ್ತು. ಕಂಕುಳಲ್ಲಿ ಒತ್ತಿ ಹಿಡಿದು ತಂತಿ ಮೀಟಿದರೆ ಅಡಿಯಿಂದ ಗುಂಯ್ ಅಂತ ಏಳುತ್ತದೆ. ಒಂದೇ ಮೈಕ್ ಇಟ್ಟರೆ ಅಜ್ಜಿಯ ಪದವೇ ಮುಳುಗಿಹೋಗುತ್ತದೆ. ಆಮೇಲೆ ಅಲ್ಲೇ ಕೇಳಿಸಿ, ಹಿಮ್ಮೇಳದವರಿಂದ ಮೇಲೊಂದು ದನಿ ಸೇರಿಸುತ್ತೇನೆ. ಟ್ಯಾಬ್ ಇಲ್ಲದೆ ಅದು ಆಗಲ್ಲ.

ಪಿಚ್ಚಳ್ಳಿ_ಆಡಿಯೋ

ಆಂಡ್ರಾಯ್ಡ್ ತಗೊಂಡಿದ್ದರೆ ಅರ್ಧ ದುಡ್ಡಿಗೆ ಆಗುತ್ತಿತ್ತು. ಕ್ಯೂಬೇಸಿಸ್ 3 ಅನ್ನುವ ರೆಕಾರ್ಡಿಂಗ್ ಆ್ಯಪ್ ಅದರಲ್ಲೂ ಇದೆ.

ಕಿಲೋಹರ್ಟ್ಸ್

ಇದೆ, ಆದರೆ ಲೇಟೆನ್ಸಿ? ಹಾಡುವವರ ಕಿವಿಗೆ ದನಿ ತಡವಾಗಿ ಬಂದರೆ ತಾಳ ತಪ್ಪುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಸಾಧನಕ್ಕೆ ಒಂದೊಂದು ಲೆಕ್ಕ.

ಪಿಚ್ಚಳ್ಳಿ_ಆಡಿಯೋ

ಅದು ಹಳೆಯ ಮಾತು. 2017ರಲ್ಲಿ ಆಂಡ್ರಾಯ್ಡ್ 8 ಬಂದಾಗ ಅದರ ಜೊತೆ ದನಿಯ ತಡ ಕಮ್ಮಿ ಮಾಡುವ ಎಆಡಿಯೋ ಬಂತು. ಆವಾಗಿನಿಂದ ಎಷ್ಟೋ ಸುಧಾರಿಸಿದೆ. ಅಲ್ಲದೆ ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಬಟನ್ ಒತ್ತಿದರೆ ದನಿ ಟ್ಯಾಬ್‌ಗೆ ಹೋಗಿ ಬರುವ ಕೆಲಸವೇ ಇಲ್ಲ.

ವೋಲ್ಟ್‌ಮೀಟರ್

ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಅವರ ಹಾಡು ನಿಲ್ಲುತ್ತಿದೆ.

ಏಕತಾರಿಯವರೇ, ಒಂದೇ ಪ್ರಶ್ನೆ. ಹೊರಗೆ ಹೋದಾಗ ಆ ಪವರ್ ಬ್ಯಾಂಕ್‌ಗೆ ಬೇರೆ ಏನಾದರೂ ಚುಚ್ಚುತ್ತೀರಾ? ಫೋನ್, ಫ್ಯಾನ್, ಏನಾದರೂ?

ಏಕತಾರಿ_ಹಾವೇರಿ

ಏನೂ ಇಲ್ಲ. ಲೈಟ್ ಒಂದು ಇರುತ್ತದೆ ಅಷ್ಟೇ. ಕತ್ತಲಲ್ಲಿ ಗೇನ್ ನಾಬ್ ಕಾಣಬೇಕಲ್ಲ. ಸಣ್ಣ ಯುಎಸ್‌ಬಿ ಎಲ್‌ಇಡಿ, ಮುಟ್ಟಿದರೆ ಬೆಳಕು ಜಾಸ್ತಿ ಕಮ್ಮಿ ಆಗುವಂಥದ್ದು. ಅದು ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ.

ವೋಲ್ಟ್‌ಮೀಟರ್

ಸಿಕ್ಕಿತು ಅನ್ನಿಸುತ್ತದೆ. ಅದು ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದಲ್ಲ ವಿಷಯ. ಎರಡು ಪೋರ್ಟ್ ಇರುವ ಪವರ್ ಬ್ಯಾಂಕ್‌ಗಳು ಹೆಚ್ಚಾಗಿ ಹೀಗೆ ಕೆಲಸ ಮಾಡುತ್ತವೆ. ಒಂದೇ ಪೋರ್ಟ್ ಬಳಕೆಯಲ್ಲಿದ್ದಾಗ ಪಿಡಿ (ಪವರ್ ಡೆಲಿವರಿ) ಮಾತುಕತೆ ಮಾಡಿ, ಅಂದರೆ ಎಷ್ಟು ವೋಲ್ಟ್ ಬೇಕು ಅಂತ ಸಾಧನವನ್ನು ಕೇಳಿಕೊಂಡು, 9 ವೋಲ್ಟ್ ಕೊಡುತ್ತವೆ. ಎರಡನೆಯದಕ್ಕೆ ಏನಾದರೂ ಸೇರಿತು ಅಂದರೆ ಎರಡನ್ನೂ ಕ್ಷಣಕಾಲ ಕಡಿದು ಹೊಸದಾಗಿ ಹಂಚುತ್ತವೆ. ತೆಗೆದಾಗಲೂ ಹಾಗೇ.

ಇನ್ನೊಂದು ಇದೆ. ಪೋರ್ಟ್‌ನಲ್ಲಿ ಕರೆಂಟ್ ತೀರಾ ಕಮ್ಮಿಯಾದರೆ ಏನೂ ಸೇರಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ಆ ಪೋರ್ಟನ್ನು ಮುಚ್ಚುತ್ತದೆ. ನೀವು ಹಾಡು ಶುರುವಾದ ಮೇಲೆ ಲೈಟ್ ಮಂದ ಮಾಡುತ್ತೀರಿ ಅಲ್ವಾ? ಸ್ವಲ್ಪ ಹೊತ್ತಿಗೆ ಅದು ಲೈಟಿನ ಪೋರ್ಟ್ ಮುಚ್ಚುತ್ತದೆ, ಮತ್ತೆ ಹಂಚಿಕೆ ಆಗುತ್ತದೆ, ಹಬ್‌ಗೆ ಬರುವ ವಿದ್ಯುತ್ ಕಡಿಯುತ್ತದೆ. ಹಬ್ ರೀಸೆಟ್ ಆದರೆ ಇಂಟರ್‌ಫೇಸ್ ಬಿಟ್ಟುಹೋಗುತ್ತದೆ. ಐಪ್ಯಾಡ್‌ಗೆ ತನ್ನದೇ ಬ್ಯಾಟರಿ ಇರುವುದರಿಂದ ಅದು ಆರಾಮಾಗಿರುತ್ತದೆ, ನಿಮಗೆ ಏನೂ ಗೊತ್ತಾಗಲ್ಲ. ಮನೆಯಲ್ಲಿ ಟ್ಯೂಬ್‌ಲೈಟ್ ಇದೆ, ಎಲ್‌ಇಡಿ ಚುಚ್ಚುವುದಿಲ್ಲ. ಅದಕ್ಕೇ ಮನೆಯಲ್ಲಿ ಬರಲ್ಲ.

ಅಂಗಡಿಯಲ್ಲಿ ಯುಎಸ್‌ಬಿ-ಸಿ ಮೀಟರ್ ಸಿಗುತ್ತದೆ. ಪವರ್ ಬ್ಯಾಂಕ್‌ಗೂ ಹಬ್‌ಗೂ ಮಧ್ಯೆ ಹಾಕಿ ಲೈಟ್ ಮುಟ್ಟಿ ನೋಡಿ.

ಮೈಸೂರು_ಮೈಕ್

ಮೊದಲು ಫ್ಯಾಂಟಮ್ ಆಫ್ ಮಾಡಿ ನೋಡಲಿ. ಖರ್ಚಿಲ್ಲದ ಪರೀಕ್ಷೆ.

ಏಕತಾರಿ_ಹಾವೇರಿ

ಮೀಟರ್ ತಂದೆ. ಮನೆಯಲ್ಲೇ ದೀಪ ಆರಿಸಿ ಊರಲ್ಲಿ ಇಡುವ ಹಾಗೇ ಎಲ್ಲಾ ಜೋಡಿಸಿದೆ. ಮೀಟರ್‌ನಲ್ಲಿ 9.0 ಇತ್ತು. ಎಲ್‌ಇಡಿ ಚುಚ್ಚಿದ ತಕ್ಷಣ ಡಿಸ್‌ಪ್ಲೇ ಕಪ್ಪಾಗಿ, 5.1 ಅಂತ ಬಂತು. ಗ್ಯಾರೇಜ್‌ಬ್ಯಾಂಡ್‌ನಲ್ಲಿ ರೆಕಾರ್ಡ್ ಹಾಕಿ ಲೈಟನ್ನು ತೀರಾ ಮಂದ ಮಾಡಿ ಕೂತೆ. ಸ್ವಲ್ಪ ಹೊತ್ತಿಗೆ ಲೈಟ್ ತಾನೇ ಆರಿತು, ಮೀಟರ್ ಮತ್ತೆ ಕಪ್ಪು, ಆಮೇಲೆ 9.0. ಅದೇ ಹೊತ್ತಿಗೆ ಇಂಟರ್‌ಫೇಸ್‌ನ ಹಸಿರು ದೀಪವೂ ಆರಿ ಹತ್ತಿತು. ರೆಕಾರ್ಡಿಂಗ್ ನಿಂತಿತ್ತು. ಫ್ಯಾಂಟಮ್ ಆಫ್ ಮಾಡಿಯೂ ನೋಡಿದೆ, ಏನೂ ವ್ಯತ್ಯಾಸ ಇಲ್ಲ.

ಊರಲ್ಲಿ ಲೈಟ್ ಆರಿದಾಗೆಲ್ಲ ಅದರ ಕೇಬಲ್ ಸಡಿಲ ಅಂದುಕೊಂಡು ನಾನು ಮತ್ತೆ ಚುಚ್ಚಿ ಹತ್ತಿಸುತ್ತಿದ್ದೆ. ವೋಲ್ಟ್‌ಮೀಟರ್ ಅವರಿಗೆ ದೊಡ್ಡ ನಮಸ್ಕಾರ.

ವೋಲ್ಟ್‌ಮೀಟರ್

ಬಹಳ ಸಂತೋಷ. ಲೈಟ್‌ಗೆ ಬೇರೆ ಸಣ್ಣ ಪವರ್ ಬ್ಯಾಂಕ್, ಇಲ್ಲವೇ ಸೆಲ್ ಹಾಕುವ ಲೈಟ್. ರೆಕಾರ್ಡಿಂಗ್ ಸಾಲಿಗೆ ಕೊಡುವ ಪವರ್ ಬ್ಯಾಂಕ್‌ಗೆ ಬೇರೆ ಯಾವುದನ್ನೂ ಮುಟ್ಟಿಸಬೇಡಿ. ಯಾರಾದರೂ ಬಂದು 'ಅಣ್ಣಾ ಫೋನ್ ಚಾರ್ಜ್‌ಗೆ ಹಾಕಲಾ' ಅಂದರೂ ಬೇಡ ಅನ್ನಿ. ಆ ಎರಡನೇ ಪೋರ್ಟ್ ಮೇಲೆ ಟೇಪ್ ಅಂಟಿಸಿಬಿಡಿ.

ಏಕತಾರಿ_ಹಾವೇರಿ

ಟೇಪ್ ಅಂಟಿಸಿಯಾಯಿತು. ಇನ್ನೊಂದು ಇದೆ. ಪವರ್ ಬ್ಯಾಂಕ್ ಸೇರಿಸಿದಾಗ ಹೆಡ್‌ಫೋನ್‌ನಲ್ಲಿ ಸಣ್ಣಗೆ 'ಕುಂಯ್' ಅಂತ ಬರುತ್ತದೆ. ಪದ ನಿಂತು ತಂತಿ ಮಾತ್ರ ಉಳಿದಾಗ ಚೆನ್ನಾಗಿ ಕೇಳಿಸುತ್ತದೆ. ಪವರ್ ಬ್ಯಾಂಕ್ ತೆಗೆದರೆ ಹೋಗುತ್ತದೆ.

ಕಿಲೋಹರ್ಟ್ಸ್

ಇದು ಸ್ಯಾಂಪಲ್ ರೇಟ್.

ವೋಲ್ಟ್‌ಮೀಟರ್

ಅಲ್ಲ. ಸ್ಯಾಂಪಲ್ ರೇಟ್ ತಪ್ಪಿದ್ದರೆ ಟಕ್ ಟಕ್ ಬರುತ್ತದೆ, ಇಲ್ಲವೇ ಶ್ರುತಿಯೇ ಬದಲಾಗುತ್ತದೆ. ಇದು ಪವರ್ ಬ್ಯಾಂಕ್ ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್‌ನ ಸದ್ದು. ಒಂದೇ ಗ್ರೌಂಡ್ ಮೇಲೆ ಐಪ್ಯಾಡ್ ಚಾರ್ಜಿಂಗ್ ಕರೆಂಟೂ ಇಂಟರ್‌ಫೇಸ್ ಕರೆಂಟೂ ಹರಿಯುತ್ತದೆ, ಅದು ಮೈಕಿನ ದನಿ ಏರಿಸುವ ಪ್ರೀ-ಆ್ಯಂಪ್‌ಗೆ ಇಳಿಯುತ್ತದೆ.

ಹಾಡು ನಡೆಯುವಾಗ ಚಾರ್ಜ್ ಮಾಡಲೇಬೇಡಿ. ನಿಮ್ಮ ಐಪ್ಯಾಡ್ ಬ್ಯಾಟರಿ 28.6 ವ್ಯಾಟ್-ಅವರ್. ಇಂಟರ್‌ಫೇಸ್ ಅರ್ಧ ಆಂಪ್ ಎಳೆದರೆ 2.5 ವ್ಯಾಟ್. ಪರದೆ ಮಂದ ಇಟ್ಟು ವೈಫೈ ಆಫ್ ಮಾಡಿದರೆ ಐಪ್ಯಾಡ್‌ಗೆ ನಾಲ್ಕೈದು ವ್ಯಾಟ್ ಅಂದುಕೊಳ್ಳಿ. ಒಟ್ಟು ಏಳು. ನಾಲ್ಕು ಗಂಟೆ ಬರುತ್ತದೆ. ನಡುವೆ ಚಹಾಕ್ಕೆ ನಿಂತಾಗ ಪವರ್ ಬ್ಯಾಂಕ್ ಸೇರಿಸಿ. ಸೇರಿಸುವಾಗ ಹಬ್ ರೀಸೆಟ್ ಆಗುತ್ತದೆ, ಹಾಗಾಗಿ ರೆಕಾರ್ಡಿಂಗ್ ನಿಲ್ಲಿಸಿ, ಸೇವ್ ಮಾಡಿದ ಮೇಲೆಯೇ.

ಕರಾವಳಿ_ಮದ್ದಳೆ

ಪವರ್ ಬ್ಯಾಂಕ್‌ನ ಮೇಲೆ ಬರೆದ 20,000 ನಂಬಬೇಡಿ. ಅದು ಒಳಗಿನ 3.7 ವೋಲ್ಟ್ ಸೆಲ್ ಲೆಕ್ಕ. 74 ವ್ಯಾಟ್-ಅವರ್ ಆಗುತ್ತದೆ, ಅದರಲ್ಲೂ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಹಿಂಬದಿ ಸಣ್ಣ ಅಕ್ಷರದಲ್ಲಿ 5 ವೋಲ್ಟ್‌ಗೆ ಎಷ್ಟು ಅಂತ ಇರುತ್ತದೆ, ಅದನ್ನು ಓದಿ. ನನ್ನ 12 ವೋಲ್ಟ್ ಪೆಟ್ಟಿಗೆ 84 ವ್ಯಾಟ್-ಅವರ್.

ವೋಲ್ಟ್‌ಮೀಟರ್

ಕಾಗದದ ಮೇಲೆ 84. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ. ಭಾರವೂ ಎರಡು ಕಿಲೋ ಮೇಲೆ.

ಕರಾವಳಿ_ಮದ್ದಳೆ

ಭಾರ ಇದ್ದರೆ ಒಳ್ಳೆಯದೇ, ಮೈಕ್ ಸ್ಟ್ಯಾಂಡ್ ಕಾಲಿನ ಮೇಲೆ ಇಡುತ್ತೇನೆ. ಗಾಳಿಗೆ ಸ್ಟ್ಯಾಂಡ್ ಬೀಳುವುದಿಲ್ಲ.

ಏಕತಾರಿ_ಹಾವೇರಿ

ನಿನ್ನೆ ರಾತ್ರಿ ಹೋಗಿ ಬಂದೆ. ಐಪ್ಯಾಡ್ ಬ್ಯಾಟರಿಯಲ್ಲೇ ರೆಕಾರ್ಡಿಂಗ್, ಲೈಟ್‌ಗೆ ಬೇರೆ ಸೆಲ್, ಕೈ ರೆಕಾರ್ಡರ್ ಪಕ್ಕದಲ್ಲಿ ಕಾವಲಿಗೆ. ಒಂದು ಸಲವೂ ನಿಲ್ಲಲಿಲ್ಲ. ಕುಂಯ್ ಸದ್ದೂ ಇಲ್ಲ. ಡೈನಮಿಕ್ ಮೈಕನ್ನು ಚೌಡಿಕೆಯ ಕೆಳಬಾಯಿಗೆ ನೇರ ಇಡದೆ ಒಂದು ಗೇಣು ದೂರ ಓರೆಯಾಗಿ ಇಟ್ಟೆ, ತಂತಿ ಕೀಳುವ ಸದ್ದು ಬಿಡಿಬಿಡಿಯಾಗಿ ಬಂತು. 24 ಬಿಟ್‌ನಲ್ಲಿ ಎರಡು ಟ್ರ್ಯಾಕ್, ಗಂಟೆಗೆ ಸುಮಾರು 1 ಜಿಬಿ. ಅಜ್ಜಿ ತಮ್ಮ ತಾಯಿಯಿಂದ ಕಲಿತ ಪದವನ್ನು ಪೂರ್ತಿ ಹಾಡಿದರು.

ಸಾಗರದ_ಹುಡುಗಿ

ಓದಿ ಖುಷಿಯಾಯಿತು. ನನ್ನದು ಲೈಟ್ನಿಂಗ್ ಪೋರ್ಟ್‌ನ ಹಳೆಯ ಐಪ್ಯಾಡ್. ಸೋಬಾನೆ ಪದ ರೆಕಾರ್ಡ್ ಮಾಡಬೇಕು. ನನಗೂ ಇದೇ ರೀತಿ ನಡೆಯುತ್ತದಾ?

ವೋಲ್ಟ್‌ಮೀಟರ್

ಲೈಟ್ನಿಂಗ್ ಪೋರ್ಟ್ ತಾನೇ ಅಷ್ಟು ಕರೆಂಟ್ ಕೊಡಲ್ಲ. ಲೈಟ್ನಿಂಗ್‌ನಿಂದ ಯುಎಸ್‌ಬಿ 3 ಕ್ಯಾಮೆರಾ ಅಡಾಪ್ಟರ್ ಬೇಕು, ಅದರ ಬದಿಯಲ್ಲಿ ಚಾರ್ಜಿಂಗ್ ತೂತು ಇರುತ್ತದೆ. ಅಂದರೆ ಹಾಡುವಾಗಲೂ ಪವರ್ ಬ್ಯಾಂಕ್ ಸೇರಿಯೇ ಇರಬೇಕಾಗಬಹುದು, ಕುಂಯ್ ಸದ್ದಿನ ಸಾಧ್ಯತೆ ಇದೆ. ಇಂಟರ್‌ಫೇಸ್‌ಗೆ ಬೇರೆ 5 ವೋಲ್ಟ್ ಇನ್‌ಪುಟ್ ಇದ್ದರೆ ಬಚಾವ್, ಅದಕ್ಕೆ ಬೇರೆ ಪವರ್ ಬ್ಯಾಂಕ್ ಕೊಡಬಹುದು. ನಿಮ್ಮ ಇಂಟರ್‌ಫೇಸ್ ಯಾವುದು?