‘ಕೊಬ್ಬಿನ ಹೀರಿಕೆ’: ಯಾವ ಹೀರಿಕೆ?

ಗೆಳೆಯರೇ,

ಮನುಷ್ಯರ ಕರುಳಿನ ಜೀವಕೋಶಗಳನ್ನು ಇನ್‌ಫ್ರಾರೆಡ್ ಬೆಳಕಿನಿಂದ ಪರೀಕ್ಷಿಸುವ ವಿಧಾನದ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಅದರಲ್ಲಿ ‘ಹೀರಿಕೆ’ ಅನ್ನುವ ಪದ ಪದೇ ಪದೇ ಕಾಲಿಗೆ ತೊಡರುತ್ತಿದೆ.

ಹಿನ್ನೆಲೆ ಇಷ್ಟು. ಲ್ಯಾಬುಗಳಲ್ಲಿ ಇಂಥ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಕ್ಯಾಕೋ-2 ಕೋಶಗಳನ್ನು. 1970ರ ದಶಕದಲ್ಲಿ ಒಬ್ಬ ರೋಗಿಯ ದೊಡ್ಡಕರುಳಿನ ಕ್ಯಾನ್ಸರ್ ಗಡ್ಡೆಯಿಂದ ತೆಗೆದು ಬೆಳೆಸಿದ ಕೋಶಗಳಿವು. ತಮಾಷೆ ಅಂದರೆ, ತಟ್ಟೆ ತುಂಬ ಹರಡಿಕೊಂಡ ಮೇಲೆ ಸುಮಾರು 21 ದಿನ ಬಿಟ್ಟರೆ ಸಣ್ಣಕರುಳಿನ ಕೋಶಗಳ ಹಾಗೆ ವರ್ತಿಸತೊಡಗುತ್ತವೆ. ಮೈಮೇಲೆ ಬ್ರಷ್ಷಿನ ಎಳೆಗಳಂಥ ಚಾಚುಗಳು ಮೂಡುತ್ತವೆ. ಸಕ್ಕರೆ, ಕೊಬ್ಬು, ಔಷಧಿಗಳನ್ನು ಹೀರುತ್ತವೆ. ಇದು ಮೊದಲನೇ ಹೀರಿಕೆ. ಶಾಲೆಯ ಜೀವಶಾಸ್ತ್ರದಲ್ಲಿ ನಾವೆಲ್ಲ ಓದಿದ್ದು ಇದನ್ನೇ.

ಎರಡನೆಯದು ಬೆಳಕಿನದು. ಕೋಶದ ಮೇಲೆ ಇನ್‌ಫ್ರಾರೆಡ್ ಬಿದ್ದಾಗ ಅಲ್ಲಿನ ಅಣುಗಳು ತಮ್ಮ ಕಂಪನಕ್ಕೆ ಹೊಂದುವ ಅಲೆಗಳನ್ನು ಹೀರಿಕೊಳ್ಳುತ್ತವೆ. ಕೊಬ್ಬಿನ ಗುರುತು ಸೆಂಟಿಮೀಟರಿಗೆ 2920 ಮತ್ತು 2850 ಅಲೆಗಳ ಹತ್ತಿರ ಸಿಗುತ್ತದೆ. ಪ್ರೋಟೀನಿನದು 1650ರ ಆಸುಪಾಸು. ಬಣ್ಣ ಹಾಕದೆ, ಕೋಶವನ್ನು ಒಡೆಯದೆ ಒಳಗೆ ಏನೇನಿದೆ ಅಂತ ತಿಳಿಯಬಹುದು. ಇದಕ್ಕೂ ಭೌತಶಾಸ್ತ್ರದವರು ಹೇಳುವುದು ‘ಹೀರಿಕೆ’ ಅಂತಲೇ.

ಬೇರೆ ಬೇರೆ ಪುಸ್ತಕದಲ್ಲಿ ಇದ್ದಾಗ ತೊಂದರೆ ಇಲ್ಲ. ಒಂದೇ ಪ್ಯಾರಾದಲ್ಲಿ ಎರಡೂ ಬಂದರೆ? ಈ ವಾಕ್ಯ ನೋಡಿ (ಓಲಿಯಿಕ್ ಆಮ್ಲ ಅಂದರೆ ಕೊಬ್ಬಿನ ಒಂದು ಘಟಕ): “ಕೋಶಗಳಿಗೆ ಓಲಿಯಿಕ್ ಆಮ್ಲ ಕೊಟ್ಟ ಮೇಲೆ ಕೊಬ್ಬಿನ ಹೀರಿಕೆ ಹೆಚ್ಚಾಯಿತು.” ಕೋಶ ಕೊಬ್ಬನ್ನು ಜಾಸ್ತಿ ಹೀರಿತೋ, ಕೊಬ್ಬು ಬೆಳಕನ್ನು ಜಾಸ್ತಿ ಹೀರಿತೋ? ಇಲ್ಲಿ ಎರಡೂ ನಿಜ ಆಗಬಹುದು. ಓಲಿಯಿಕ್ ಆಮ್ಲ ಸಿಕ್ಕರೆ ಈ ಕೋಶಗಳ ಒಳಗೆ ಕೊಬ್ಬಿನ ಹನಿಗಳು ಕೂಡುತ್ತವೆ, ಅದು ಗ್ರಾಫಿನಲ್ಲಿ 2920ರ ಶಿಖರವನ್ನು ಎತ್ತರಿಸುತ್ತದೆ. ಆದರೆ ಮೊದಲನೆಯದು ಕೋಶ ಮಾಡಿದ ಕೆಲಸ, ಎರಡನೆಯದು ಯಂತ್ರ ಕಂಡ ಗುರುತು. ಓದುಗರಿಗೆ ಅವೆರಡೂ ಬೇರೆ ಅಂತ ಗೊತ್ತಾಗಬೇಕು, ಅಲ್ವಾ?

ಎಡವಟ್ಟು ಇರುವುದು ‘ಕೊಬ್ಬಿನ’ ಅನ್ನುವುದರಲ್ಲಿ. ಹೀರುವವರಿಗೂ ಹೀರಿಸಿಕೊಳ್ಳುವವರಿಗೂ ನಮ್ಮ ‘ಇನ’ ಒಂದೇ. ಕ್ರಿಯಾಪದಕ್ಕೆ ತಿರುಗಿಸಿದರೆ ಅರ್ಧ ಬಿಡಿಸಿಕೊಳ್ಳಬಹುದು: ‘ಕೊಬ್ಬನ್ನು ಹೀರುವ ಕೋಶ’, ‘ಬೆಳಕನ್ನು ಹೀರುವ ಕೊಬ್ಬು’. ಆದರೆ ‘ಅನ್ನು’ ಬಿಡುವಂತಿಲ್ಲ. ಮಾತಿನಲ್ಲಿ ನಾವು ಸಲೀಸಾಗಿ ಬಿಡುತ್ತೇವೆ. ‘ನೀರು ಹೀರುತ್ತದೆ’ ಅಂದರೆ ಯಾರಿಗಾದರೂ ಬಟ್ಟೆಯೋ ಮಣ್ಣೋ ನೆನಪಾಗುತ್ತದೆ. ಈ ಪರೀಕ್ಷೆಯಲ್ಲಿ ನೀರೇ ಬೆಳಕನ್ನು ಹೀರುವ ಕಿಲಾಡಿ. ಅದು 1640ರ ಹತ್ತಿರ ಹೀರಿ ಪ್ರೋಟೀನಿನ ಗುರುತನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಎಷ್ಟೋ ಸಲ ಕೋಶಗಳನ್ನು ಒಣಗಿಸಿಯೇ ನೋಡುತ್ತಾರೆ.

ಸರಿ, ವಾಕ್ಯದಲ್ಲಿ ಹೇಗೋ ಸಂಭಾಳಿಸಬಹುದು. ಗ್ರಾಫಿನ ಪಕ್ಕ ಬರೆಯಲು ನಾಮಪದವೇ ಬೇಕು. ಹಳೆಯ ‘ಶೋಷಣೆ’ ಬೇಡ. ಕರುಳು ಗ್ಲೂಕೋಸನ್ನು ಶೋಷಿಸುತ್ತದೆ ಅಂದರೆ ಗ್ಲೂಕೋಸಿನ ಪರವಾಗಿ ಧರಣಿ ಕೂರಬೇಕಾಗುತ್ತದೆ! ‘ಅವಶೋಷಣೆ’ಯೂ ಅದೇ ನೆಂಟಸ್ತಿಕೆಯದು. ಬೆಳಕಿಗೆ ‘ನುಂಗು’ ಚೆನ್ನಾಗಿದೆ ಅನಿಸಿತು. ಆದರೆ ಕರುಳಿನ ಬರಹದಲ್ಲಿ ನುಂಗುವ ಕೆಲಸ ಗಂಟಲಿಗೆ ಸೇರಿದ್ದು. ಸದ್ಯಕ್ಕೆ ಕರುಳಿಗೆ ‘ಹೀರಿಕೆ’ಯನ್ನೇ ಉಳಿಸಿ, ಬೆಳಕಿಗೆ ‘ಬೆಳಕುಹೀರಿಕೆ’ ಅಂತ ಒಂದೇ ಪದವಾಗಿ ಬರೆಯುತ್ತಿದ್ದೇನೆ. ‘ಕೊಬ್ಬಿನ ಬೆಳಕುಹೀರಿಕೆ’ ಅಂದಾಗ ಗೊಂದಲ ಇಲ್ಲ, ಆದರೆ ಉದ್ದ ಆಯಿತು. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ?

ಇದರ ಜೊತೆ ಒಂದು ಸಣ್ಣ ಪ್ರಶ್ನೆ. ಇನ್‌ಫ್ರಾರೆಡ್‌ಗೆ ಕೆಲವರು ‘ಅತಿಗೆಂಪು’ ಅನ್ನುತ್ತಾರೆ, ಕೆಲವರು ‘ಅವಕೆಂಪು’. 1800ರಲ್ಲಿ ವಿಲಿಯಂ ಹರ್ಷೆಲ್ ಥರ್ಮಾಮೀಟರನ್ನು ಕೆಂಪಿನ ಆಚೆ ಇಟ್ಟು ಇದನ್ನು ಕಂಡರು, ಆ ಲೆಕ್ಕದಲ್ಲಿ ‘ಅತಿ’ ಸರಿ. ಬೆಳಕು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕದಲ್ಲಿ ಇದು ಕೆಂಪಿಗಿಂತ ಕೆಳಗೆ, ಆಗ ‘ಅವ’ ಸರಿ. ನನಗೆ ‘ಅತಿಗೆಂಪು’ ಅಂದರೆ ಕಡುಗೆಂಪು ಅಂತಲೇ ಕೇಳಿಸುತ್ತದೆ. ಈಗ ಪಾಠ ಮಾಡುತ್ತಿರುವವರು ತರಗತಿಯಲ್ಲಿ ಯಾವುದನ್ನು ಬಳಸುತ್ತೀರಿ, ಮಕ್ಕಳಿಗೆ ಯಾವುದು ಬೇಗ ಹಿಡಿಸುತ್ತದೆ ಅಂತ ತಿಳಿಸಿ.