ಸ್ಲಿಮ್‌ಲೈನ್ ಪೆನ್ ಕಿಟ್: ರೀಫಿಲ್ ತುದಿ ಒಳಗೆ ಹೋಗುತ್ತಿಲ್ಲ, ಉಂಗುರದ ಹತ್ತಿರ ಮರ ತಗ್ಗಾಗಿದೆ

ಪ್ರಶ್ನೆ (ಸಾಗರದಿಂದ)

ಎಲ್ಲರಿಗೂ ನಮಸ್ಕಾರ. ಹಳೇ ಮನೆ ಬಿಚ್ಚಿದಾಗ ಸಿಕ್ಕ ಹಲಸಿನ ತೊಲೆಯಲ್ಲಿ 7 ಮಿ.ಮೀ. ಸ್ಲಿಮ್‌ಲೈನ್ ಕಿಟ್ (ಮರಕ್ಕೆ ಹಿತ್ತಾಳೆ ಕೊಳವೆ ಕೂರಿಸಿ, ಲೇತ್‌ನಲ್ಲಿ ಕಡೆದು ಜೋಡಿಸುವ ಪೆನ್ನಿನ ಬಿಡಿಭಾಗಗಳ ಸೆಟ್) ಹಾಕಿ ಪೆನ್ನು ಮಾಡ್ತಿದ್ದೀನಿ. ಮರದ ಬಣ್ಣ ತುಂಬಾ ಚೆನ್ನಾಗಿ ಬಂದಿದೆ, ಹಾಗಾಗಿ ಬಿಸಾಡೋಕೆ ಮನಸ್ಸಿಲ್ಲ. ಮೂರು ತೊಂದರೆ:

ಒಂದು, ಪೆನ್ನು ಪೂರ್ತಿ ತಿರುಗಿಸಿ ಮುಚ್ಚಿದರೂ ರೀಫಿಲ್ ತುದಿ ಸುಮಾರು ಒಂದೂವರೆ ಮಿ.ಮೀ. ಹೊರಗೇ ಇಣುಕುತ್ತೆ. ಜೇಬಿಗೆ ಹಾಕಿದರೆ ಅಂಗಿಗೆ ಮಸಿ.

ಎರಡು, ನಡುವಿನ ಉಂಗುರದ ಹತ್ತಿರ ಒಂದು ಪಕ್ಕದಲ್ಲಿ ಮರ ತಗ್ಗು, ಎದುರು ಪಕ್ಕದಲ್ಲಿ ಉಬ್ಬು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತೆ.

ಮೂರು ಬೇರೆ ತುಂಡಿನದು. ಈ ವರ್ಷ ಕಡಿದ ಕಾಫಿ ಗಿಡದ ಕಾಂಡಕ್ಕೆ 7 ಮಿ.ಮೀ. ಬಿಟ್‌ನಲ್ಲೇ ತೂತು ಕೊರೆದು ಕೆಲವು ವಾರ ಇಟ್ಟಿದ್ದೆ. ಈಗ ಹಿತ್ತಾಳೆ ಕೊಳವೆಗೆ ಸೂಪರ್ ಗ್ಲೂ ಹಚ್ಚಿ ತಳ್ಳಿದರೆ ಅರ್ಧಕ್ಕೇ ಕಚ್ಚಿಕೊಂಡು ಕೂತಿದೆ. ಏನು ಮಾಡಬಹುದು?

ಉತ್ತರ (ಮೈಸೂರಿನಿಂದ)

ನಮಸ್ಕಾರ ಸರ್. ಮೂರಕ್ಕೂ ದಾರಿ ಇದೆ, ಹಲಸನ್ನು ಖಂಡಿತ ಬಿಸಾಡಬೇಡಿ.

ಮೊದಲು ರೀಫಿಲ್. ಸ್ಲಿಮ್‌ಲೈನ್‌ನಲ್ಲಿ ಕೆಳಗಿನ ಭಾಗದ ಒಂದು ಕೊನೆಗೆ ನಿಬ್ಬಿನ ಮೂತಿ, ಇನ್ನೊಂದು ಕೊನೆಗೆ ತಿರುಗಿಸುವ ಮೆಕ್ಯಾನಿಸಮ್ ಒತ್ತಿ ಕೂರಿಸ್ತೀವಿ. ರೀಫಿಲ್ ಕಚ್ಚಿಕೊಳ್ಳೋದು ಆ ಮೆಕ್ಯಾನಿಸಮ್‌ಗೆ. ಅಲ್ಲಿಂದ ಮೂತಿಯ ತುದಿವರೆಗಿನ ಉದ್ದವೇ ಎಲ್ಲವನ್ನೂ ತೀರ್ಮಾನ ಮಾಡುತ್ತೆ, ಮರದ ಹೊರಗಿನ ಅಳತೆಗೂ ಇದಕ್ಕೂ ಸಂಬಂಧವಿಲ್ಲ. ತುದಿ ಒಳಗೆ ಹೋಗುತ್ತಿಲ್ಲ ಅಂದರೆ ಆ ಉದ್ದ ಕಮ್ಮಿಯಾಗಿದೆ. ಮೆಕ್ಯಾನಿಸಮ್ ಹೆಚ್ಚು ಆಳಕ್ಕೆ ಹೋಗಿರಬೇಕು, ಇಲ್ಲವೇ ಕೊನೆ ಸಮ ಮಾಡುವಾಗ ಟ್ರಿಮ್ಮರ್ ಹಿತ್ತಾಳೆಯನ್ನೂ ತಿಂದಿರಬೇಕು. ಇನ್ನೊಂದು ಕಿಟ್‌ನ ಹೊಸ ಕೊಳವೆ ಇದ್ದರೆ ಪಕ್ಕಕ್ಕೆ ಹಿಡಿದು ನೋಡಿ, ಯಾವುದು ಅಂತ ಅಲ್ಲೇ ಗೊತ್ತಾಗುತ್ತೆ.

ಬಿಚ್ಚೋದು ಹೀಗೆ. ಮೇಲಿನ ಅರ್ಧ ಎಳೆದು ತೆಗೆಯಿರಿ, ರೀಫಿಲ್ ತಿರುಗಿಸಿ ಈಚೆ ತನ್ನಿ. ಮೆಕ್ಯಾನಿಸಮ್‌ನ ತೂತಿನೊಳಗಿಂದ ಒಂದು ಸಣ್ಣ ಕಬ್ಬಿಣದ ಕಡ್ಡಿ ತೂರಿಸಿ ಮೆತ್ತಗೆ ತಟ್ಟಿದರೆ ಮೂತಿ ಉದುರುತ್ತೆ. ಆಮೇಲೆ ಮೂತಿಯ ಕಡೆಯಿಂದ ಕೊಳವೆಗೆ ಹಿಡಿಯುವಷ್ಟು ದಪ್ಪದ ಕಡ್ಡಿ ಹಾಕಿ ಮೆಕ್ಯಾನಿಸಮ್ ಅನ್ನು ಹಿಂದಕ್ಕೆ ತಟ್ಟಿ. ಮರವನ್ನು ಇಕ್ಕಳದಲ್ಲಿ ಹಿಡಿಯಬೇಡಿ, ಅಂಗೈಯಲ್ಲೇ ಬಟ್ಟೆ ಸುತ್ತಿ ಹಿಡಿಯಿರಿ.

ಮತ್ತೆ ಕೂರಿಸುವಾಗ ಮೆಕ್ಯಾನಿಸಮ್ ಮೇಲಿನ ಗುರುತಿನ ಗೆರೆಯನ್ನು ನಂಬಬೇಡಿ. ಕೊಳವೆ ಪೂರ್ತಿ ಉದ್ದ ಇದ್ದಾಗ ಮಾತ್ರ ಆ ಗೆರೆ ಸರಿ. ಗೆರೆಗಿಂತ ಸ್ವಲ್ಪ ಮುಂಚೆಯೇ ನಿಲ್ಲಿಸಿ, ರೀಫಿಲ್ ಹಾಕಿ ತಿರುಗಿಸಿ ನೋಡಿ, ಮತ್ತೆ ಕೂದಲೆಳೆಯಷ್ಟು ಒತ್ತಿ, ಮತ್ತೆ ನೋಡಿ. ಒತ್ತೋದು ಯಾವಾಗ ಬೇಕಾದರೂ ಆಗುತ್ತೆ, ಹಿಂದಕ್ಕೆ ತರೋದೇ ಕಷ್ಟ. ಒಮ್ಮೆ ಬಿಚ್ಚಿದ ಮೇಲೆ ಹಿಡಿತ ಸಡಿಲ ಅನ್ನಿಸಿದರೆ ಕೊಳವೆಯ ಒಳಬಾಯಿಗೆ ಸೂಜಿಮೊನೆಯಷ್ಟು ಗ್ಲೂ ಸಾಕು. ಹೆಚ್ಚಾದರೆ ಮೆಕ್ಯಾನಿಸಮ್‌ಗೇ ಅಂಟಿಕೊಳ್ಳುತ್ತೆ.

ಎರಡನೆಯದಕ್ಕೆ ವರ್ನಿಯರ್ ಬೇಕು. ಉಂಗುರದ ಪಕ್ಕದಲ್ಲಿ ಮರದ ದಪ್ಪ ಒಂದು ಸಲ ಅಳೆಯಿರಿ, ಪೆನ್ನನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ಸಲ ಅಳೆಯಿರಿ. ಎರಡೂ ಬೇರೆ ಬೇರೆ ಬಂದರೆ ಮರ ಮೊಟ್ಟೆಯಾಕಾರ ಆಗಿದೆ. ಎರಡೂ ಒಂದೇ ಬಂದರೆ ಮರ ಗುಂಡಗೇ ಇದೆ, ಆದರೆ ಕೊಳವೆಯ ನಡುವಿಗೆ ಇಲ್ಲ. ರೋಗ ಬೇರೆ, ಮದ್ದೂ ಬೇರೆ. ಉಂಗುರದ ಅಳತೆಯನ್ನೂ ತಿಳಿಸಿ. ಬುಷ್‌ನ (ಕಡೆಯುವಾಗ ಮರದ ಕೊನೆಗೆ ಅಳತೆಗಾಗಿ ಹಾಕುವ ಲೋಹದ ಬಳೆ) ಅಳತೆ ಬೇಡ: ಸ್ಯಾಂಡ್‌ಪೇಪರ್ ತಾಗಿ ತಾಗಿ ಬುಷ್ ಸವೆದಿರುತ್ತೆ, ಕಿಟ್‌ನಿಂದ ಕಿಟ್‌ಗೆ ಉಂಗುರವೂ ಒಂಚೂರು ಬದಲಾಗುತ್ತೆ.

ಸಾಗರದಿಂದ

ತುಂಬಾ ಧನ್ಯವಾದ ಸರ್. ಕೊಳವೆಯೇ ಗಿಡ್ಡ, ಹೊಸದಕ್ಕಿಂತ 1.5 ಮಿ.ಮೀ. ಕಮ್ಮಿ ಇದೆ. ಕೊನೆಯಲ್ಲಿ ಚಕ್ಕೆ ಎದ್ದಿತ್ತು, ಅದು ಹೋಗೋವರೆಗೆ ಟ್ರಿಮ್ ಮಾಡಿದ್ದು ಈಗ ನೆನಪಾಯ್ತು. ಮರ ಎರಡು ದಿಕ್ಕಿನಲ್ಲೂ 8.4, ಉಂಗುರವೂ 8.4. ತಗ್ಗಿನ ಪಕ್ಕದಲ್ಲಿ ಸುಮಾರು 0.2 ಮೆಟ್ಟಿಲು ಇದೆ.

ಉತ್ತರ (ಮೈಸೂರಿನಿಂದ)

ಹಾಗಾದರೆ ಮೆಕ್ಯಾನಿಸಮ್ ಗೆರೆಯಿಂದ ಅದೇ 1.5 ಮಿ.ಮೀ. ಹೊರಗೆ ನಿಲ್ಲಬೇಕು. ಅಷ್ಟು ಹೊರಗಿದ್ದರೆ ಸಾಮಾನ್ಯವಾಗಿ ನಡು ಉಂಗುರದೊಳಗೇ ಮುಚ್ಚಿಹೋಗುತ್ತೆ. ಮೇಲಿನ ಅರ್ಧ ಪೂರ್ತಿ ಕೂತು ಸರಾಗವಾಗಿ ತಿರುಗುತ್ತಾ ನೋಡಿ. ಬಿಗಿ ಅನ್ನಿಸಿದರೆ ಕೊಳವೆ ಬದಲಿಸೋದೇ ವಾಸಿ.

ಮರದ ವಿಷಯ: ಎರಡೂ 8.4 ಅಂದ ಮೇಲೆ ಇದು ಮ್ಯಾಂಡ್ರೆಲ್ (ಕಡೆಯುವಾಗ ಕೊಳವೆಗಳನ್ನು ಪೋಣಿಸಿ ಹಿಡಿಯುವ ಸರಳು) ಕೆಲಸ. ಟೇಲ್‌ಸ್ಟಾಕ್ (ಲೇತ್‌ನ ಬಲ ಕೊನೆಯಲ್ಲಿ ಒತ್ತಿ ಹಿಡಿಯುವ ಭಾಗ) ಜೋರಾಗಿ ಬಿಗಿದರೆ ಆ ತೆಳು ಸರಳು ನಡುವಿನಲ್ಲಿ ಬಿಲ್ಲಾಗಿ ಬಾಗುತ್ತೆ. ನಡು ಉಂಗುರದ ಜಾಗ ಸರಿಯಾಗಿ ಅಲ್ಲೇ ಬರೋದು, ಅದಕ್ಕೇ ನಿಮಗೆ ಅಲ್ಲೇ ಕಂಡಿದೆ. ಮ್ಯಾಂಡ್ರೆಲ್ ನಟ್ ಬೆರಳಲ್ಲಿ ತಿರುಗಿಸುವಷ್ಟೇ ಬಿಗಿ ಇರಲಿ, ಟೇಲ್‌ಸ್ಟಾಕ್ ತಾಗಿದರೆ ಸಾಕು. ಬರೀ ಸರಳನ್ನು ಹಾಕಿ ನಿಧಾನವಾಗಿ ತಿರುಗಿಸಿ, ಪಕ್ಕಕ್ಕೆ ಪೆನ್ಸಿಲ್ ಮೊನೆ ಹಿಡಿಯಿರಿ. ಒಂದು ಕಡೆ ಮಾತ್ರ ಗೀರಿದರೆ ಸರಳು ಶಾಶ್ವತವಾಗಿ ಬಾಗಿದೆ, ಬದಲಿಸಬೇಕು.

ಇನ್ನು ಸರಿಮಾಡೋದು. ಒಂದು ಪಕ್ಕ 0.2 ತಗ್ಗು ಅಂದರೆ ಕೊಳವೆಯ ನಡುವಿನಿಂದ ಅಲ್ಲಿ ಮರದ ಮೇಲ್ಮೈಗೆ 4 ಮಿ.ಮೀ. ಮಾತ್ರ ಇದೆ. ಮ್ಯಾಂಡ್ರೆಲ್ ಬಿಟ್ಟು ಲೇತ್‌ನ ಎರಡು ಸೆಂಟರ್‌ಗಳ (ಎರಡೂ ಕೊನೆಯ ಚೂಪು ಮೊನೆಗಳ) ನಡುವೆ ಕೊಳವೆಯನ್ನೇ ನೇರ ಹಿಡಿದು, ಆ ಕೊನೆಯನ್ನು 8.0ಕ್ಕೆ ಇಳಿಸಿದರೆ ಗುಂಡಗೂ ಆಗುತ್ತೆ, ನಡುವಿಗೂ ಬರುತ್ತೆ. ಆಗ ಹಿತ್ತಾಳೆಯ ಮೇಲೆ ಉಳಿಯೋದು ಅರ್ಧ ಮಿ.ಮೀ. ಮರ. ಉಳಿ ಚೆನ್ನಾಗಿ ಮಸೆದಿರಲಿ, ಮೇಣದ ಹಾಗೆ ಸುರುಳಿ ಬರುವಷ್ಟು ತೆಳ್ಳಗೆ ತೆಗೆಯಿರಿ.

ಕಮ್ಮಿಯಾದ 0.4 ಅನ್ನು ಸೂಪರ್ ಗ್ಲೂ ಪದರಗಳಲ್ಲಿ ತುಂಬಿ. ಲೇತ್ ಅತಿ ನಿಧಾನದ ವೇಗದಲ್ಲಿ ಇರಲಿ. ಟಿಶ್ಯೂ ಪೇಪರ್ ಮಡಿಸಿ ಎರಡು ಹನಿ ಹಾಕಿ ಒಂದೇ ಎಳೆತಕ್ಕೆ ಸವರಿ, ಪೂರ್ತಿ ಒಣಗೋವರೆಗೆ ಇನ್ನೊಂದು ಪದರ ಬೇಡ. ಅವಸರಕ್ಕೆ ಆಕ್ಸಿಲರೇಟರ್ ಜಾಸ್ತಿ ಸಿಂಪಡಿಸಿದರೆ ಬಿಳೀ ಗುಳ್ಳೆ ಏಳುತ್ತೆ, ಹಲಸಿನ ಹಳದಿ ಮೇಲೆ ಅದು ಎದ್ದು ಕಾಣುತ್ತೆ. 8.5ರವರೆಗೆ ಬೆಳೆಸಿ, ನೀರು ಹಚ್ಚಿದ ನುಣುಪು ಎಮರಿಯಿಂದ 8.4ಕ್ಕೆ ತನ್ನಿ. ವರ್ನಿಯರ್ ಕೈಯಲ್ಲೇ ಇರಲಿ. ಕಿಟಕಿ ತೆರೆದಿಡಿ, ಕಣ್ಣಿಗೆ ಕನ್ನಡಕ ಹಾಕಿ, ಹೊಗೆ ಕಣ್ಣು ಉರಿಸುತ್ತೆ.

ಉತ್ತರ (ಚನ್ನಪಟ್ಟಣದ ಕಡೆಯಿಂದ)

ಮೇಲಿನವರು ಹೇಳಿದ್ದು ಸರಿಯಾಗಿದೆ. ಗ್ಲೂ ಬೇಡ ಅನ್ನೋರಿಗೆ ನಮ್ಮ ಕಡೆಯ ಅರಗು ಇದೆ. ನಾವು ಆಲೆ ಮರದ ಮೇಲೆ ಮಾಡೋ ಹಾಗೇ, ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಹಿಡಿಯುತ್ತೆ, ತಾಳೆ ಗರಿಯಿಂದ ಉಜ್ಜಿದರೆ ಹೊಳಪು. ಇಡೀ ಪೆನ್ನಿಗೆ ಬೇಡ. ಉಂಗುರದ ಪಕ್ಕ ನಾಲ್ಕೈದು ಮಿ.ಮೀ. ಅಗಲ ಮಾತ್ರ ಚೂಪು ಅಂಚಿನಿಂದ ತಗ್ಗಿಸಿ, ಆ ಪಟ್ಟಿಗೆ ಕೆಂಪೋ ಕಪ್ಪೋ ಅರಗು ತುಂಬಿ. ಬೇಕೆಂದೇ ಮಾಡಿದ ಅಲಂಕಾರದ ಪಟ್ಟಿಯಾಗಿ ಕಾಣುತ್ತೆ. ಪೆನ್ನನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ, ಅರಗು ಮೆತ್ತಗಾಗುತ್ತೆ.

ಸಾಗರದಿಂದ

ಅರಗಿನ ಪಟ್ಟಿ ತುಂಬಾ ಹಿಡಿಸಿತು ಅಣ್ಣಾ, ಅದನ್ನೇ ಮಾಡ್ತೀನಿ. ಕಾಫಿ ಕಟ್ಟಿಗೆಗೆ ಏನು ಮಾಡಲಿ?

ಉತ್ತರ (ಮೈಸೂರಿನಿಂದ)

ಅಲ್ಲಿ ಬಿಟ್ ತಪ್ಪಲ್ಲ, ಮರ ಹಸಿ. ಕೊರೆದ ಮೇಲೆ ಒಣಗುತ್ತಾ ತೂತೂ ಕುಗ್ಗಿದೆ. ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗಲ್ಲ, ವಾರ್ಷಿಕ ಉಂಗುರದ ಗುಂಟ ಜಾಸ್ತಿ ಕುಗ್ಗುತ್ತೆ, ಹಾಗಾಗಿ ತೂತು ಮೊಟ್ಟೆಯಾಗಿದೆ. ಅಂಥ ಕಡೆ ಸೂಪರ್ ಗ್ಲೂ ತಕ್ಷಣ ಕಚ್ಚುತ್ತೆ.

ಕೊಳವೆ ಅಗ್ಗ, ಮರ ಉಳಿಸಿ. ಸಾಲ್ಡರಿಂಗ್ ಐರನ್ ಮೊನೆಯನ್ನು ಕೊಳವೆಯೊಳಗೆ ಇಟ್ಟು ಹಿತ್ತಾಳೆ ಕಾಯಿಸಿ. ಸೂಪರ್ ಗ್ಲೂ ಬಿಸಿಗೆ ಸೋಲುತ್ತೆ. ಇಕ್ಕಳದಲ್ಲಿ ಕೊಳವೆ ಹಿಡಿದು ತಿರುಚುತ್ತಾ ಎಳೆಯಿರಿ. ಆಮೇಲೆ ತುಂಡಿನ ಎರಡು ಕೊನೆಗೂ ಮೇಣ ಹಚ್ಚಿ ನೆರಳಲ್ಲಿಡಿ, ಇಲ್ಲದಿದ್ದರೆ ಕಾಫಿ ಕಟ್ಟಿಗೆ ಸೀಳುತ್ತೆ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ, ತೂಕ ಇಳಿಯೋದು ನಿಂತ ಮೇಲೆ ಅದೇ 7ರ ಬಿಟ್ ಮತ್ತೆ ಹಾಯಿಸಿ. ಬಿಟ್ಟು ಬಿಟ್ಟು ಒತ್ತಿ, ಪುಡಿ ಹೊರಗೆ ತೆಗೆಯುತ್ತಾ ಇರಿ. ಕೊಳವೆಯನ್ನು ಸ್ಯಾಂಡ್‌ಪೇಪರ್‌ನಿಂದ ಗೀರಿ ಒರಟು ಮಾಡಿ, ಈ ಸಲ ಅರಾಲ್ಡೈಟ್ ಹಾಕಿ. ನಿಧಾನಕ್ಕೆ ಗಟ್ಟಿಯಾಗುವುದರಿಂದ ತಿರುಗಿಸುತ್ತಾ ಪೂರ್ತಿ ತಳ್ಳಲು ಸಮಯ ಸಿಗುತ್ತೆ, ಸಂದು ಇದ್ದರೂ ತುಂಬುತ್ತೆ. ತಳ್ಳುವ ಮುಂಚೆ ಕೊಳವೆಯ ಬಾಯಿಗೆ ಮೇಣ ಮೆತ್ತಿ, ಒಳಗೆ ಅಂಟು ಹೋದರೆ ಮೆಕ್ಯಾನಿಸಮ್ ಕೂರಲ್ಲ.

ಮುಂದೆ ಸಿಯೆರಾ ಕಿಟ್ (ಇದಕ್ಕಿಂತ ದಪ್ಪ ಕೊಳವೆಯ ಇನ್ನೊಂದು ಪೆನ್ ಕಿಟ್) ತರಿಸುವ ಯೋಚನೆ ಇದ್ದರೆ ಒಂದು ಮಾತು: ಅದಕ್ಕೆ 27/64 ಇಂಚಿನ ಬಿಟ್ ಬೇಕು, ಅಂದರೆ 10.72 ಮಿ.ಮೀ. ಅಂಗಡಿಯಲ್ಲಿ 10.5 ಕೊಟ್ಟರೆ ಕೊಳವೆ ಹಿಡಿಯಲ್ಲ, 11 ಕೊಟ್ಟರೆ ಸಡಿಲ. ಸರಿಯಾದದ್ದು ಸಿಗದಿದ್ದರೆ 11 ತಗೊಂಡು ಅರಾಲ್ಡೈಟ್‌ನಲ್ಲಿ ಕೂರಿಸಿ, ಒಣಗೋವರೆಗೆ ನೆಟ್ಟಗೆ ನಿಲ್ಲಿಸಿ.