ಆಕ್ಸೆಸ್‌ನಲ್ಲಿ ಮರುಬಳಕೆಯ ಕ್ಲಾಸ್: ತೂಕದ ಟೆಕ್ಸ್ಟ್ ಬಾಕ್ಸ್‌ಗೆ ಬರೆದದ್ದು ಓಡುತ್ತಿಲ್ಲ

ಪ್ರಶ್ನೆ (ಚಿಕ್ಕಮಗಳೂರಿನಿಂದ)

ಇಲ್ಲಿನ ಕಾಫಿ ವ್ಯಾಪಾರಿಯೊಬ್ಬರಿಗೆ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಖರೀದಿ, ದಾಸ್ತಾನು ಮತ್ತು ರವಾನೆಯ ಫಾರ್ಮ್‌ಗಳನ್ನು ಮಾಡಿಕೊಟ್ಟಿದ್ದೇನೆ. ಒಟ್ಟು ತೂಕದಲ್ಲಿ ಗೋಣಿಚೀಲದ ತೂಕ ಕಳೆದು, ಚೆರಿಯಾಗಲಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ಪಾರ್ಚ್‌ಮೆಂಟ್ ಆಗಲಿ (ತಿರುಳು ತೆಗೆದು ಒಣಗಿಸಿದ್ದು) 50 ಕೆ.ಜಿ. ಮೂಟೆಯ ಲೆಕ್ಕಕ್ಕೆ ತರುವ ಕೋಡ್ ಮೂರರಲ್ಲಿಯೂ ಒಂದೇ ಆಗಿರುವುದರಿಂದ, ಅಭ್ಯಾಸಕ್ಕೆಂದು ಅದನ್ನು ಕ್ಲಾಸ್ ಮಾಡ್ಯೂಲ್ (ಹಲವು ಕಡೆ ಮರುಬಳಸಬಹುದಾದ ಕೋಡಿನ ಅಚ್ಚು) ಆಗಿ ಬರೆಯುತ್ತಿದ್ದೇನೆ. ಕಂಟ್ರೋಲಿನಲ್ಲಿ ನಡೆಯುವ ಇವೆಂಟ್‌ಗಳನ್ನು ಕ್ಲಾಸ್ ಕೇಳಿಸಿಕೊಳ್ಳುವಂತೆ ಮಾಡುವ ವಿತ್‌ಇವೆಂಟ್ಸ್ ಬಳಸಿ ಟೆಕ್ಸ್ಟ್ ಬಾಕ್ಸನ್ನು ಕ್ಲಾಸ್‌ಗೆ ಒಪ್ಪಿಸಿದ್ದರೂ ಅದರೊಳಗಿನ ಬಿಫೋರ್‌ಅಪ್‌ಡೇಟ್ (ಬದಲಾದ ಮೌಲ್ಯವನ್ನು ಒಪ್ಪಿಕೊಳ್ಳುವ ಮುನ್ನ ಓಡಬೇಕಾದ ಕೋಡ್) ಓಡುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ. ಕಾರಣವೇನಿರಬಹುದು?

ಉತ್ತರ 1 (ಹಾಸನದಿಂದ)

ಸರ್, ಎರಡು ಕಡೆ ನೋಡಿ. ಆಬ್ಜೆಕ್ಟಿನ (ಕ್ಲಾಸಿನಿಂದ ಸೃಷ್ಟಿಸಿದ ಪ್ರತಿಯ) ವೇರಿಯಬಲ್ಲನ್ನು ಫಾರ್ಮ್ ಲೋಡ್ ಪ್ರೊಸೀಜರಿನ ಒಳಗೆ ಘೋಷಿಸಿದ್ದರೆ, ಆ ಪ್ರೊಸೀಜರ್ ಮುಗಿದ ಕೂಡಲೇ ಆಬ್ಜೆಕ್ಟೂ ಅಳಿದುಹೋಗುತ್ತದೆ. ಆದ್ದರಿಂದ ಅದು ಫಾರ್ಮ್ ಮಾಡ್ಯೂಲಿನ ತಲೆಯಲ್ಲಿರಬೇಕು. ಇನ್ನೊಂದು ಆಕ್ಸೆಸ್‌ನದೇ ವಿಚಿತ್ರ: ಟೆಕ್ಸ್ಟ್ ಬಾಕ್ಸಿನ ಬಿಫೋರ್‌ಅಪ್‌ಡೇಟ್ ಪ್ರಾಪರ್ಟಿಯಲ್ಲಿ "[Event Procedure]" ಎಂಬ ಪಠ್ಯವಿಲ್ಲದಿದ್ದರೆ ಆ ಇವೆಂಟ್ ಕ್ಲಾಸನ್ನು ಮುಟ್ಟುವುದೇ ಇಲ್ಲ. ಕಂಟ್ರೋಲನ್ನು (ಇಲ್ಲಿ ಆ ಟೆಕ್ಸ್ಟ್ ಬಾಕ್ಸನ್ನು) ಸ್ವೀಕರಿಸುವ ಸಾಲಿನ ಬೆನ್ನಿಗೇ, ಕ್ಲಾಸಿನೊಳಗಿನಿಂದಲೇ ಈ ಪಠ್ಯವನ್ನು ತುಂಬಿಸಿಬಿಟ್ಟರೆ ಪ್ರತಿ ಫಾರ್ಮ್‌ನಲ್ಲಿಯೂ ನೆನಪಿಟ್ಟುಕೊಳ್ಳುವ ಕೆಲಸ ಉಳಿಯುವುದಿಲ್ಲ.

ಉತ್ತರ 2

ಮೇಲಿನ ಪರಿಹಾರ ಸರಿಯೇ, ಆದರೆ ಆರಂಭಿಸಬೇಕಾದದ್ದು ಕಂಟ್ರೋಲಿನಿಂದಲ್ಲ ಎಂಬುದು ನನ್ನ ಅಭಿಪ್ರಾಯ. ತೂಕದ ಲೆಕ್ಕಕ್ಕೇ ಒಂದು ಕ್ಲಾಸ್ ಇರಲಿ, ಅದರಲ್ಲಿ ಯಾವ ಫಾರ್ಮ್‌ನ ಹೆಸರೂ ಸುಳಿಯದಿರಲಿ. ಟೆಕ್ಸ್ಟ್ ಬಾಕ್ಸನ್ನು ಕಾಯುವ ಎರಡನೆಯ ಕ್ಲಾಸ್ ಇದನ್ನು ಕರೆಯಲಿ. ಹೀಗಾದರೆ ಯಾವ ಫಾರ್ಮನ್ನೂ ತೆರೆಯದೆ ಇಮ್ಮಿಡಿಯೇಟ್ ವಿಂಡೋದಲ್ಲಿಯೇ (ಕೋಡಿನ ಸಾಲನ್ನು ಬರೆದ ತಕ್ಷಣ ಓಡಿಸಿ ನೋಡುವ ಕಿಟಕಿ) ಅಂಕಿಗಳನ್ನು ಕೊಟ್ಟು ಪರೀಕ್ಷಿಸಬಹುದು, ಮತ್ತು ಅಭ್ಯಾಸದ ನಿಜವಾದ ಲಾಭ ಇರುವುದು ಅಲ್ಲಿಯೇ. ಪರೀಕ್ಷಿಸುವಾಗ ಅರ್ಧದಲ್ಲಿ ನಿಲ್ಲುವ ಸಂಖ್ಯೆಗಳನ್ನು ಬೇಕೆಂದೇ ಕೊಟ್ಟು ನೋಡಿ: ಆಕ್ಸೆಸ್‌ನ ಕೋಡ್ ಭಾಷೆಯಾದ ವಿಬಿಎಯ ರೌಂಡ್ ಫಂಕ್ಷನ್ 3.5ನ್ನು 4 ಮಾಡಿದರೂ 2.5ನ್ನು 2 ಮಾಡುತ್ತದೆ, ಏಕೆಂದರೆ ಅದು ಹತ್ತಿರದ ಸಮಸಂಖ್ಯೆಗೆ ಸರಿಯುತ್ತದೆ. ಕೈಯಲ್ಲಿ ಲೆಕ್ಕ ಹಾಕಿಕೊಂಡು ಬಂದ ಬೆಳೆಗಾರರು ಚೀಟಿ ನೋಡಿ ಜಗಳಕ್ಕೆ ನಿಲ್ಲಲು ಇಷ್ಟು ಸಾಕು! ತೂಕಕ್ಕೆ, ದಶಮಾಂಶಗಳನ್ನು ಅಂದಾಜಿನಲ್ಲಿ ಹಿಡಿಯುವ ಡಬಲ್ ಟೈಪಿಗಿಂತ, ನಾಲ್ಕು ದಶಮಾಂಶ ಸ್ಥಾನಗಳನ್ನು ನಿಖರವಾಗಿ ಹಿಡಿಯುವ ಕರೆನ್ಸಿ ಟೈಪ್ ಒಳ್ಳೆಯದು.

ಪ್ರಶ್ನೆ ಕೇಳಿದವರು

ವೇರಿಯಬಲ್ಲಿನ ಜಾಗ ಬದಲಿಸಿ ಆ ಪಠ್ಯವನ್ನೂ ತುಂಬಿಸಿದ ಮೇಲೆ ಓಡುತ್ತಿದೆ, ಧನ್ಯವಾದಗಳು. ರವಾನೆಯ ಫಾರ್ಮ್‌ಗೆ ಮಾತ್ರ ಒಂದು ತಪಾಸಣೆ ಹೆಚ್ಚು ಬೇಕು. ಇದೇ ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸಬಹುದೇ? ಬೇರೆ ಫೈಲಿನಿಂದಲೂ ಇದನ್ನು ಬಳಸಬಹುದೇ?

ಉತ್ತರ 2

ವಿಬಿಎಯಲ್ಲಿ ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸುವ ಸೌಲಭ್ಯ ಇಲ್ಲ. ಮೈಕ್ರೋಸಾಫ್ಟ್‌ನದೇ ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ 1995ರ ವಿಷುವಲ್ ಫಾಕ್ಸ್‌ಪ್ರೋ 3.0ರಲ್ಲಿಯೇ ಅದಿತ್ತು ಎಂಬುದು ನಮ್ಮಂಥ ಹಳಬರ ಕೊರಗು. ಇಲ್ಲಿ ಹಳೆಯ ಕ್ಲಾಸಿನ ಆಬ್ಜೆಕ್ಟನ್ನು ಹೊಸ ಕ್ಲಾಸಿನ ಒಳಗಿಟ್ಟುಕೊಂಡು, ಮೊದಲು ಅದರ ತಪಾಸಣೆಯನ್ನು ನಡೆಸಿ ನಂತರ ನಿಮ್ಮದನ್ನು ಸೇರಿಸಬೇಕು. ಬೇರೆ ಫೈಲಿನಿಂದ ರೆಫರೆನ್ಸ್ ಕೊಟ್ಟು ಬಳಸುವುದಾದರೆ ಹೊರಗಿನ ಫೈಲಿಗೆ ಕ್ಲಾಸ್ ಕಾಣಬೇಕೇ ಎಂಬುದನ್ನು ತೀರ್ಮಾನಿಸುವ ಅದರ ಇನ್‌ಸ್ಟಾನ್ಸಿಂಗ್ ಪ್ರಾಪರ್ಟಿಯನ್ನು ಪ್ರೈವೇಟ್‌ನಿಂದ ಪಬ್ಲಿಕ್‌ನಾಟ್‌ಕ್ರಿಯೇಟಬಲ್‌ಗೆ ಬದಲಿಸಿ. ಆಗಲೂ ಹೊರಗಿನಿಂದ ನ್ಯೂ ಎಂದು ಬರೆಯಲಾಗದು. ಆಬ್ಜೆಕ್ಟನ್ನು ಸೃಷ್ಟಿಸಿ ಹಿಂದಿರುಗಿಸುವ ಒಂದು ಫಂಕ್ಷನ್ ಕ್ಲಾಸ್ ಇರುವ ಫೈಲಿನ ಸಾಮಾನ್ಯ ಮಾಡ್ಯೂಲಿನಲ್ಲಿ ಇರಬೇಕು.